ಅಪಘಾತದ ಪರಿಹಾರದ ಹಣ ಮನೆಯವರಲ್ಲಿ ಹೇಗೆ ಹಂಚಿಕೆಯಾಗುತ್ತದೆ? ತಿಳಿದವರು ಹೇಳಿ

ಪ್ರಶ್ನೆ: ಅಣ್ಣ (34 ವರ್ಷ) ರಸ್ತೆ ಅಪಘಾತದಲ್ಲಿ ತೀರಿಕೊಂಡ. ಸ್ವಂತ ವೆಲ್ಡಿಂಗ್ ಶೆಡ್, ತಿಂಗಳಿಗೆ 15,000 ರೂಪಾಯಿ ದುಡಿಮೆ. ಅತ್ತಿಗೆ, 7 ಮತ್ತು 3 ವರ್ಷದ ಮಕ್ಕಳು, ಅಮ್ಮ ಎಲ್ಲರೂ ಅವನನ್ನೇ ನಂಬಿದ್ದರು. ಅಪ್ಪನಿಗೆ ಪಿಂಚಣಿ ಇದೆ. ಅಕ್ಕನಿಗೆ ಮದುವೆಯಾಗಿದೆ. ಕ್ಲೇಮ್ ಕೇಸು ಹಾಕಬೇಕು. ವಂಶವೃಕ್ಷದಲ್ಲಿ ಹೆಸರಿರುವವರಿಗೆಲ್ಲ ಸಮಪಾಲು ಅಂತ ನೆಂಟರು ಹೇಳುತ್ತಿದ್ದಾರೆ. ನಿಜವೇ?

ಉತ್ತರ: ಅಲ್ಲ. ವಂಶವೃಕ್ಷ ಯಾರು ಯಾರಿಗೆ ಏನಾಗಬೇಕು ಎಂದಷ್ಟೇ ತೋರಿಸುತ್ತದೆ, ಪಾಲು ಹೇಳುವುದಿಲ್ಲ. ಶೆಡ್ಡು, ಬ್ಯಾಂಕಿನಲ್ಲಿದ್ದ ಹಣ ನಿಮ್ಮಣ್ಣನ ಆಸ್ತಿ. ಹಿಂದೂ ಕುಟುಂಬವಾದರೆ ಅದು ಹೆಂಡತಿ, ಮಕ್ಕಳು, ತಾಯಿಗೆ ಸಮನಾಗಿ ಹೋಗುತ್ತದೆ, ಅವರಿರುವಾಗ ತಂದೆಗೆ ಬರುವುದಿಲ್ಲ. ಆದರೆ ಪರಿಹಾರ ಅವರು ಬಿಟ್ಟುಹೋದ ಆಸ್ತಿಯಲ್ಲ. ಅವರಿದ್ದಿದ್ದರೆ ಯಾರ್‍ಯಾರಿಗೆ ಎಷ್ಟು ಆಸರೆ ಸಿಗುತ್ತಿತ್ತೋ ಆ ನಷ್ಟಕ್ಕೆ ಕೊಡುವ ಹಣ. ಅದಕ್ಕೇ ಮೋಟಾರು ವಾಹನ ಕಾಯ್ದೆಯ 168ನೇ ಕಲಮಿನಡಿ ಯಾರಿಗೆ ಎಷ್ಟು ಎಂದು ಅಪಘಾತ ಪರಿಹಾರದ ಕೇಸು ನೋಡುವ ನ್ಯಾಯಮಂಡಳಿ, ಅಂದರೆ ಟ್ರಿಬ್ಯುನಲ್ಲೇ ಆದೇಶದಲ್ಲಿ ಬರೆಯುತ್ತದೆ. ಇಂತಿಷ್ಟು ಶೇಕಡಾ ಎಂಬ ಕಟ್ಟು ಇಲ್ಲ. ಚಿಕ್ಕ ವಯಸ್ಸಿನ ಹೆಂಡತಿ ಇದ್ದರೆ ದೊಡ್ಡ ಪಾಲು ಆಕೆಗೆ, ಮಕ್ಕಳಿಬ್ಬರಿಗೆ ಸಮ, ವಯಸ್ಸಾದ ತಾಯಿಗೆ ಅದಕ್ಕಿಂತ ಕಡಿಮೆ ಅಥವಾ ಅಷ್ಟೇ, ಇದು ಸಾಮಾನ್ಯವಾಗಿ ಕಾಣುವ ರೀತಿ.

ಉತ್ತರ: ಹಂಚುವುದಕ್ಕೆ ಮೊದಲು ಒಟ್ಟು ಮೊತ್ತ ನೋಡಿ. ಅವಲಂಬಿತರ ಸಂಖ್ಯೆಯೇ ಅದನ್ನು ಏರಿಸುತ್ತದೆ, ಇಳಿಸುತ್ತದೆ.

ಆದಾಯ 15,000. ಸ್ವಂತ ಉದ್ಯೋಗ, 40ರೊಳಗಿನ ವಯಸ್ಸು, ಹಾಗಾಗಿ ಭವಿಷ್ಯದ ಗಳಿಕೆಗೆ ಶೇ 40 ಸೇರಿ 21,000. ಅವರ ಸ್ವಂತ ಖರ್ಚಿಗೆಂದು ಅವಲಂಬಿತರು 2–3 ಜನರಾದರೆ ಮೂರನೇ ಒಂದು, 4–6 ಆದರೆ ನಾಲ್ಕನೇ ಒಂದು, ಅದಕ್ಕೂ ಹೆಚ್ಚಾದರೆ ಐದನೇ ಒಂದು ಭಾಗ ಕಳೆಯುತ್ತಾರೆ. ಅತ್ತಿಗೆ, ಇಬ್ಬರು ಮಕ್ಕಳು, ಅಮ್ಮ ಸೇರಿ ನಾಲ್ವರು. ಉಳಿದದ್ದು 15,750. ವರ್ಷಕ್ಕೆ 1,89,000. 31ರಿಂದ 35ರ ವಯಸ್ಸಿಗೆ ಮಲ್ಟಿಪ್ಲಯರ್ (ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ) 16. ಒಟ್ಟು 30,24,000.

ಈಗ ಅಮ್ಮನ ಹೆಸರು ಬಿಟ್ಟು ಲೆಕ್ಕ ಹಾಕಿ. ಮೂವರೇ ಆದರು, ಕಡಿತ 7,000. 14,000 × 12 × 16 = 26,88,000. ಒಂದು ಹೆಸರು ಬಿಟ್ಟದ್ದಕ್ಕೆ 3,36,000 ಹೋಯಿತು. ‘ಅತ್ತೆಗ್ಯಾಕೆ ಪಾಲು’ ಎಂದು ಹೆಸರು ಬಿಡಿಸುವವರು ಈ ಲೆಕ್ಕ ನೋಡಿರುವುದಿಲ್ಲ.

ತಂದೆಗೆ ಸ್ವಂತ ಆದಾಯವಿದ್ದರೆ ಅವರನ್ನು ಸಾಮಾನ್ಯವಾಗಿ ಅವಲಂಬಿತರ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮಲ್ಲಿ ಹಿಡಿದರೂ ಐದಾಗುತ್ತದೆ, ಕಡಿತ ಬದಲಾಗದು.

ಉತ್ತರ: ಮೇಲಿನ ಲೆಕ್ಕಕ್ಕೆ ಒಂದು ಸೇರ್ಪಡೆ. ಸಾಂಗತ್ಯ, ಪ್ರೀತಿಯ ನಷ್ಟಕ್ಕೆಂದು ತಲೆಗೊಂದು ಮೊತ್ತ ಬೇರೆ ಇದೆ. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಥಿ ತೀರ್ಪಿನಲ್ಲಿ 40,000, ಮೂರು ವರ್ಷಕ್ಕೊಮ್ಮೆ ಶೇ 10 ಏರಿಕೆ. ಎರಡು ಸಲ ಏರಿಸಿದರೆ 48,400. 2018ರ ತೀರ್ಪಿನ ನಂತರ ಇದು ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ಹೆತ್ತವರಿಗೂ ಉಂಟು. ಹಾಗಾಗಿ ಅಪ್ಪ ಅವಲಂಬಿತರಲ್ಲದಿದ್ದರೂ ಇದನ್ನು ಕೇಳಬಹುದು. ಅವಲಂಬನೆಯ 30,24,000ವನ್ನು 40:20:20:20 ಎಂದು ಹಂಚಿದರೆ ಅತ್ತಿಗೆಗೆ 12,09,600, ಮಕ್ಕಳಿಗೂ ಅಮ್ಮನಿಗೂ ತಲಾ 6,04,800. ಆದರೆ ಎಷ್ಟೋ ಆದೇಶಗಳಲ್ಲಿ ಎಲ್ಲ ಬಾಬ್ತು ಒಟ್ಟುಗೂಡಿಸಿ ಅದರ ಮೇಲೆಯೇ ಶೇಕಡಾ ಹಾಕಿರುತ್ತಾರೆ. ಆದೇಶದ ಕೊನೆಯ ಪುಟ ಓದುವಾಗ ಇದನ್ನು ಗಮನಿಸಿ.

ಪ್ರಶ್ನೆ ಕೇಳಿದವರು: ಅಕ್ಕನ ಹೆಸರು ಸೇರಿಸಬೇಕಾ? ಅತ್ತಿಗೆ ಮುಂದೆ ಮರುಮದುವೆಯಾದರೆ ಹಣ ವಾಪಸ್ ಕೊಡಬೇಕು ಅಂತಲೂ ಒಬ್ಬರು ಹೇಳಿದರು.

ಉತ್ತರ: ವಾಪಸ್ ಕೊಡುವ ಪ್ರಶ್ನೆಯೇ ಇಲ್ಲ. ಗಂಡ ಸತ್ತ ದಿನವೇ ಹುಟ್ಟಿದ ಹಕ್ಕು ಅದು. ಮರುಮದುವೆಯಿಂದ ಅದು ಹೋಗುವುದಿಲ್ಲ ಎಂದು ಹೈಕೋರ್ಟುಗಳು ಹೇಳಿವೆ. ಈ ಭಯ ಹುಟ್ಟಿಸಿ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುವವರಿದ್ದಾರೆ, ಹುಷಾರು. ಅಂಥ ಒಪ್ಪಂದಕ್ಕೆ ಟ್ರಿಬ್ಯುನಲ್ ಕಟ್ಟುಬಿದ್ದಿಲ್ಲ. ಮಕ್ಕಳ ಪಾಲನ್ನಂತೂ ತಾಯಿಯೂ ಬಿಟ್ಟುಕೊಡುವಂತಿಲ್ಲ.

ಅಕ್ಕನ ವಿಷಯ: ಕಾನೂನುಬದ್ಧ ವಾರಸುದಾರರೆಲ್ಲ ಅರ್ಜಿಯಲ್ಲಿರಬೇಕು, ಜೊತೆಗೆ ಬಾರದವರನ್ನು ಎದುರುದಾರರನ್ನಾಗಿ ತೋರಿಸಬೇಕು ಎಂಬುದು 166ನೇ ಕಲಮು. ಹೆಂಡತಿ, ಮಕ್ಕಳು, ತಾಯಿ ಇರುವಾಗ ಬೇರೆ ಮನೆ ಸೇರಿದ ಅಕ್ಕನಿಗೆ ಅವಲಂಬನೆಯ ಪಾಲು ಸಿಗುವುದು ಕಷ್ಟ. ತಕರಾರು ತೆಗೆಯುವ ಸಾಧ್ಯತೆ ಇದ್ದರೆ ಮೊದಲೇ ವಕೀಲರಿಗೆ ತಿಳಿಸಿ. ಮುಚ್ಚಿಟ್ಟರೆ ಹಣ ಬಿಡುಗಡೆಯ ಹೊತ್ತಿಗೆ ತಕರಾರು ಅರ್ಜಿ ಬಂದು ಎಲ್ಲ ನಿಂತುಹೋಗಬಹುದು.

ಉತ್ತರ: ಪಾಲಿನ ವಿಷಯದಲ್ಲಿ ಹೆಚ್ಚು ಕೈಕೊಡುವುದು ಸಾಕ್ಷ್ಯ. ಆಸ್ಪತ್ರೆ ಬಿಲ್ಲು, ಆದಾಯದ ದಾಖಲೆ ಎಲ್ಲ ಹಾಜರುಪಡಿಸುತ್ತಾರೆ. ಅಮ್ಮನ ಔಷಧಿ ಖರ್ಚು ಯಾರು ನೋಡುತ್ತಿದ್ದರು, ಯಾರು ಯಾರ ಜೊತೆಗಿದ್ದರು ಎಂಬ ಒಂದು ಸಾಲೂ ಅಫಿಡವಿಟ್ಟಿನಲ್ಲಿ ಇರುವುದಿಲ್ಲ. ಆಗ ಟ್ರಿಬ್ಯುನಲ್ ಅಂದಾಜಿನ ಮೇಲೆ ಹಂಚುತ್ತದೆ. ಒಂದೇ ಪಡಿತರ ಚೀಟಿ, ಔಷಧಿ ಅಂಗಡಿಯ ರಸೀದಿ, ಶಾಲೆಯ ಫೀಸಿನ ಚೀಟಿ ಹಾಜರುಪಡಿಸಿ. ಮನೆಯವರಲ್ಲಿ ಒಮ್ಮತವಿದ್ದರೆ ಪಾಲು ಹೀಗಿರಲಿ ಎಂದು ಎಲ್ಲರೂ ಸಹಿ ಮಾಡಿದ ಮೆಮೊ (ಲಿಖಿತ ಹೇಳಿಕೆ) ಟ್ರಿಬ್ಯುನಲ್‌ಗೆ ಕೊಡಿ.

ಉತ್ತರ: ಹಣ ಕೈಗೆ ಬರುವ ಬಗೆಯೂ ತಿಳಿದಿರಲಿ. ಮಕ್ಕಳ ಪಾಲು 18 ತುಂಬುವವರೆಗೆ ಎಫ್‌ಡಿಯಲ್ಲಿರುತ್ತದೆ, ಕೋರ್ಟಿನ ಅನುಮತಿ ಇಲ್ಲದೆ ಮುರಿಯಲೂ ಅದರ ಮೇಲೆ ಸಾಲ ಪಡೆಯಲೂ ಆಗದು. ಅತ್ತಿಗೆಯ ಪಾಲಿನಲ್ಲೂ ಒಂದು ಭಾಗ ಎಫ್‌ಡಿಗೆ ಹೋಗಬಹುದು. ಬಡ್ಡಿ ತಿಂಗಳು ತಿಂಗಳು ಉಳಿತಾಯ ಖಾತೆಗೆ ಬೇಕೆಂದರೆ ವಾದದ ಹಂತದಲ್ಲೇ ಕೇಳಿ ಆದೇಶದಲ್ಲಿ ಬರೆಸಿ. ಇಲ್ಲದಿದ್ದರೆ ಬಡ್ಡಿ ಅಸಲಿಗೇ ಸೇರುತ್ತ ಹೋಗಬಹುದು, ಶಾಲೆ ಫೀಸಿಗೂ ಹೊಸ ಅರ್ಜಿ ಹಾಕಬೇಕಾಗುತ್ತದೆ. ಖಾತೆ ಅತ್ತಿಗೆಯ ಹೆಸರಿನಲ್ಲಿ ಮಾತ್ರ ಇರಲಿ. ಭಾವನೋ ಮೈದುನನೋ ಜೊತೆಯಾಗಿರುವ ಜಂಟಿ ಖಾತೆ ಬೇಡ.

ಕೇಸು ಹಾಕಲು ತಿದ್ದುಪಡಿಯಾದ ಕಾಯ್ದೆಯಲ್ಲಿ ಆರು ತಿಂಗಳ ಗಡುವಿದೆ, ತಡ ಮಾಡಬೇಡಿ. ಹಂಚಿಕೆ ಸರಿಯಿಲ್ಲವೆನಿಸಿದರೆ ಹೈಕೋರ್ಟಿಗೆ ಮೇಲ್ಮನವಿ 90 ದಿನದೊಳಗೆ. ಲೋಕ್ ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿ ಇಲ್ಲ, ಆದ್ದರಿಂದ ಅಲ್ಲಿ ಒಟ್ಟು ಮೊತ್ತಕ್ಕೆ ತಲೆಯಾಡಿಸುವ ಮೊದಲು ಯಾರ ಹೆಸರಿನ ಮುಂದೆ ಎಷ್ಟು ಎಂಬುದನ್ನು ರಾಜಿ ಅರ್ಜಿಯಲ್ಲೇ ಬರೆಸಿ, ಅತ್ತಿಗೆ, ಅಮ್ಮ ಇಬ್ಬರಿಗೂ ಓದಿ ಹೇಳಿ, ಆಮೇಲೆ ಸಹಿ.