ಸಹಾಯ ಬೇಕು: ಮಗಳಿಗೆ ಕೈ-ಕಾಲು-ಬಾಯಿ ರೋಗ, ಆದರೆ ಗುಳ್ಳೆ ಎಲ್ಲೆಲ್ಲೋ ಎದ್ದಿದೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ 3 ವರ್ಷ. 5 ದಿನದ ಹಿಂದೆ ಜ್ವರ ಬಂತು, ಮಾರನೇ ದಿನ ಬಾಯಿ ಸುತ್ತ ಕೆಂಪು ಗುಳ್ಳೆ. ಅಂಗೈ, ಅಂಗಾಲಲ್ಲಿ ನಾಲ್ಕೈದು ಮಾತ್ರ. ಆದರೆ ಕುಂಡಿ, ತೊಡೆ, ಮೊಣಕೈ ಮಡಿಕೆಯಲ್ಲಿ ಒತ್ತೊತ್ತಾಗಿ ಎದ್ದಿವೆ. ಅವಳಿಗೆ ಮೊದಲಿಂದ ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ) ಇದೆ, ಸರಿಯಾಗಿ ಅದೇ ಜಾಗದಲ್ಲೇ ಜಾಸ್ತಿ. ಕೆಲವು ಅವಳ ಹೆಬ್ಬೆರಳ ಉಗುರಿನಷ್ಟು ದೊಡ್ಡ ನೀರ್ಗುಳ್ಳೆ, ಕೆಲವು ಒಡೆದು ಕಂದು ಹಕ್ಕಳೆ ಕಟ್ಟಿವೆ.

ನಾನಂತೂ ಚಿಕನ್‌ಪಾಕ್ಸ್ ಅಂದುಕೊಂಡು ಹೆದರಿದ್ದೆ. ಮಕ್ಕಳ ಡಾಕ್ಟರ್ ನೋಡಿ, ಇದು ಕೈ-ಕಾಲು-ಬಾಯಿ ರೋಗವೇ, ಕಾಕ್ಸ್‌ಸಾಕಿ ಎ6 ವೈರಸ್ ಆದರೆ ಹೀಗೂ ಬರುತ್ತದೆ ಅಂದರು. ಇದಕ್ಕೆ ಅಂತ ಬೇರೆ ಔಷಧಿ ಇಲ್ಲವಂತೆ, 7ರಿಂದ 10 ದಿನದಲ್ಲಿ ತಾನಾಗೇ ಇಳಿಯುತ್ತದಂತೆ. ಮೂತ್ರ ಕಡಿಮೆಯಾದರೆ, ಮಂಪರು ಹಿಡಿದರೆ, ನಿದ್ದೆಯಲ್ಲಿ ಪದೇಪದೇ ಬೆಚ್ಚಿಬಿದ್ದರೆ ಮಾತ್ರ ತಡಮಾಡದೆ ಕರೆತನ್ನಿ ಅಂದಿದ್ದಾರೆ. ಸದ್ಯ ಜ್ವರ ಬಿಟ್ಟಿದೆ, ನೀರು ಕುಡಿಯುತ್ತಿದ್ದಾಳೆ.

ನನ್ನ ತಲೆಬಿಸಿ ಈಗ ತುರಿಕೆಯದು. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾಳೆ. ಉಗುರು ಕತ್ತರಿಸಿ, ಕೈಗೆ ಕಾಲುಚೀಲ ಹಾಕಿದೆ, ಹತ್ತೇ ನಿಮಿಷಕ್ಕೆ ಕಿತ್ತೆಸೆದಳು! ನಿಮ್ಮ ಮಕ್ಕಳಿಗೆ ಹೀಗೇ ಬಂದಿತ್ತಾ? ಎಕ್ಸಿಮಾ ಕ್ರೀಮ್ ಮುಂದುವರಿಸಿ ಅಂದರಾ, ನಿಲ್ಲಿಸಿ ಅಂದರಾ? ನಾನು ಅದನ್ನು ಕೇಳೋದೇ ಮರೆತೆ, ನಾಳೆ ಫೋನ್ ಮಾಡಬೇಕು.

ಮುಂದೆ ಅಂಗೈ ಸಿಪ್ಪೆ ಸುಲಿಯಬಹುದು, ಒಂದೆರಡು ತಿಂಗಳಲ್ಲಿ ಉಗುರೂ ಕಳಚಬಹುದು, ನೋವಾಗಲ್ಲ, ಹೊಸದು ಬರುತ್ತದೆ ಅಂದಿದ್ದಾರೆ. ಉಗುರು ಕಳಚಿದ ಮಕ್ಕಳ ಅಪ್ಪ-ಅಮ್ಮ ಯಾರಾದರೂ ಇದ್ದರೆ, ಹೊಸದು ಪೂರ್ತಿ ಬರಲು ಎಷ್ಟು ದಿನ ಹಿಡಿಯಿತು ಹೇಳಿ. ಫೋಟೋ ಹಾಕಲ್ಲ, ಮಗು ಅಲ್ವಾ.