ಖಾಲಿ ನಿವೇಶನದ ಪ್ಲಾಸ್ಟಿಕ್‌ನಿಂದ ಮನೆಯೊಳಗಿನ ಹೂಕುಂಡ: ಭಾನುವಾರದ ಸಭೆಗೆ ಮುನ್ನ ನಿವಾಸಿಗಳ ಚರ್ಚೆ

ಕಾರ್ಯದರ್ಶಿ, ನಿವಾಸಿಗಳ ಸಂಘ

ಎಲ್ಲರಿಗೂ ನಮಸ್ಕಾರ. ಎರಡನೇ ಮತ್ತು ಮೂರನೇ ಅಡ್ಡರಸ್ತೆಗಳ ನಡುವಿನ ಖಾಲಿ ನಿವೇಶನದಲ್ಲಿ ಪ್ಲಾಸ್ಟಿಕ್ ಕಸ ಮತ್ತೆ ಗುಡ್ಡೆ ಬಿದ್ದಿದೆ. ಹೋದ ವಾರ ಯಾರೋ ಅದಕ್ಕೆ ಬೆಂಕಿ ಇಟ್ಟಿದ್ದರಿಂದ ಅಕ್ಕಪಕ್ಕದ ಮನೆಯವರು ರಾತ್ರಿಯಿಡೀ ಕಿಟಕಿ ತೆರೆಯಲಾಗಲಿಲ್ಲ. ಈ ಹಿನ್ನೆಲೆಯಲ್ಲಿ ಮಹಿಳಾ ಸಮಾಜದವರು ಒಂದು ಪ್ರಸ್ತಾವ ಕೊಟ್ಟಿದ್ದಾರೆ. ಅಲ್ಲಿ ಬಿದ್ದಿರುವ ಬಾಟಲಿ, ಡಬ್ಬಿಗಳನ್ನು ಆರಿಸಿ, ತೊಳೆದು, ಬಣ್ಣ ಹಚ್ಚಿ, ಮನೆಯೊಳಗೆ ಇಡುವ ಹೂಕುಂಡಗಳನ್ನಾಗಿ ಮಾಡಿ, ನವರಾತ್ರಿಯಲ್ಲಿ ಬೊಂಬೆ ನೋಡಲು ಬರುವವರಿಗೆ ತಾಂಬೂಲದ ಜೊತೆ ಕೊಡಬೇಕೆಂಬುದು ಅದರ ಸಾರ. ಬಣ್ಣ, ಮಣ್ಣು ಮತ್ತು ಸಸಿಗಳಿಗೆ ಸಂಘದ ನಿಧಿಯಿಂದ ಹಣ ಕೇಳಿರುವುದರಿಂದ, ಇದರಿಂದ ಪರಿಸರಕ್ಕೆ ನಿಜವಾಗಿ ಎಷ್ಟು ಅನುಕೂಲವಾಗುತ್ತದೆ ಎಂಬ ಬಗ್ಗೆ ತಮ್ಮ ಅಭಿಪ್ರಾಯವನ್ನು ಭಾನುವಾರದ ಸಭೆಗೆ ಮುನ್ನವೇ ಇಲ್ಲಿ ಬರೆಯಬೇಕೆಂದು ಕೋರುತ್ತೇನೆ.

ಮಹಿಳಾ ಸಮಾಜದ ಪರವಾಗಿ, ಎರಡನೇ ಅಡ್ಡರಸ್ತೆ

ಕಾರ್ಯದರ್ಶಿಗಳು ನಮ್ಮ ಪ್ರಸ್ತಾವವನ್ನು ಸರಿಯಾಗಿಯೇ ಹೇಳಿದ್ದಾರೆ. ಕಾರಣವನ್ನಷ್ಟೇ ನಾನು ಸೇರಿಸುತ್ತೇನೆ. ಗಾಳಿ ತಿರುಗಿದಾಗಲೆಲ್ಲ ನಮ್ಮ ಮೈಸೂರಿನ ವಿದ್ಯಾರಣ್ಯಪುರದ ಸೂಯೇಜ್ ಫಾರಂನ ಕಸದ ಗುಡ್ಡದ ವಾಸನೆ ಕುಡಿಯುವ ನಮಗೆ, ಇಲ್ಲಿನ ಕಸವನ್ನು ಅಲ್ಲಿಗೆ ಸಾಗಿಸಿದರೆ ಕೆಲಸ ಮುಗಿಯಿತೆಂದು ಅಂದುಕೊಳ್ಳಲು ಮನಸ್ಸು ಬರುವುದಿಲ್ಲ. ಪ್ರತಿ ನವರಾತ್ರಿಗೆ ಪ್ಲಾಸ್ಟಿಕ್ ಬಟ್ಟಲು, ಪುಟ್ಟ ಬುಟ್ಟಿಗಳನ್ನು ಡಜನ್‌ಗಟ್ಟಲೆ ಕೊಂಡು ತಾಂಬೂಲದ ಜೊತೆ ಹಂಚುತ್ತೇವೆ. ಪಡೆದವರ ಮನೆಯಲ್ಲೂ ಅವು ಅಟ್ಟ ಸೇರುತ್ತವೆಯೇ ಹೊರತು ಬಳಕೆಗೆ ಬರುವುದು ಕಡಿಮೆ. ಅದರ ಬದಲು ಒಂದು ಮನಿ ಪ್ಲಾಂಟ್ ಕೊಟ್ಟರೆ ಹಳೆಯ ಡಬ್ಬಿಗೂ ಒಂದು ಗತಿ ಕಂಡಂತಾಗುತ್ತದೆ, ಮನೆಯೊಳಗಿನ ಗಾಳಿಯೂ ಶುದ್ಧವಾಗುತ್ತದೆ.

ಮೊದಲನೇ ಅಡ್ಡರಸ್ತೆ, ಮಹಡಿ ಮನೆಯ ಬಾಡಿಗೆದಾರರು

ಪ್ರಸ್ತಾವಕ್ಕೆ ನನ್ನ ಬೆಂಬಲವಿದೆ. ಬಾಟಲಿಗಳಷ್ಟೇ ಏಕೆ, ಪ್ಲಾಸ್ಟಿಕ್ ಕವರ್‌ಗಳನ್ನೂ ಕರಗಿಸಿ ಅಚ್ಚಿಗೆ ಒತ್ತಿ ಕುಂಡ ಮಾಡುವ ವಿಡಿಯೊಗಳನ್ನು ನೋಡಿದ್ದೇನೆ. ನಮ್ಮ ತಾರಸಿಯಲ್ಲಿ ಬಳಸದ ಒಂದು ಓವನ್ ಇದೆ. ಸಂಘ ಒಪ್ಪಿದರೆ ಅದರಲ್ಲಿ ಪ್ರಯತ್ನಿಸಿ ನೋಡಬಹುದು.

ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರು, ಮೂರನೇ ಅಡ್ಡರಸ್ತೆ

ಓವನ್ ವಿಚಾರವನ್ನು ದಯವಿಟ್ಟು ಇಲ್ಲಿಗೇ ಬಿಡಿ. ನಿವೇಶನದಿಂದ ಆರಿಸಿದ ಕವರ್‌ಗಳ ರಾಶಿಯಲ್ಲಿ ಯಾವುದು ಪಾಲಿಥೀನ್, ಯಾವುದು ಪಿವಿಸಿ ಎಂದು ಬರಿಗಣ್ಣಿನಿಂದ ಹೇಳಲಾಗದು. ಪಿವಿಸಿ ಬಿಸಿಯಾದರೆ ಕಣ್ಣು, ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಸುಟ್ಟರೆ ಡಯಾಕ್ಸಿನ್‌ಗಳೆಂಬ ವಿಷವಸ್ತುಗಳೂ ಹುಟ್ಟುತ್ತವೆ. ಹೋದ ವಾರದ ಬೆಂಕಿಯಿಂದ ಕಣ್ಣುರಿ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ವಿಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರ ಡಿಸೆಂಬರ್‌ನಲ್ಲೇ ಆದೇಶಿಸಿದೆ ಎಂಬುದನ್ನು ಬೆಂಕಿ ಇಟ್ಟವರು ಈ ಗುಂಪಿನಲ್ಲಿದ್ದರೆ ಗಮನಿಸಲಿ.

ಇನ್ನು ಮುಖ್ಯ ವಿಷಯ. 2017ರಲ್ಲಿ ಪ್ರಕಟವಾದ, ಇಂದಿಗೂ ಎಲ್ಲರೂ ಉಲ್ಲೇಖಿಸುವ ಒಂದು ಅಂದಾಜಿನಂತೆ, 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್‌ನಲ್ಲಿ ಮರುಬಳಕೆಗೆ ಹೋದದ್ದು ಶೇಕಡಾ 9ರಷ್ಟು ಮಾತ್ರ. ಆದರೆ ಈ ಶೇಕಡಾವಾರು ಎಲ್ಲ ಬಗೆಯ ಪ್ಲಾಸ್ಟಿಕ್‌ಗೂ ಒಂದೇ ಸಮನಾಗಿ ಅನ್ವಯಿಸುವುದಿಲ್ಲ. ಬಾಟಲಿಯ ತಳವನ್ನು ತಿರುಗಿಸಿ ನೋಡಿದರೆ ತ್ರಿಕೋನದೊಳಗೆ ಒಂದು ಸಂಖ್ಯೆ ಕಾಣುತ್ತದೆ. 1 ಎಂದರೆ ನೀರು, ತಂಪು ಪಾನೀಯಗಳ ಪಿಇಟಿ ಬಾಟಲಿ. ಇದಕ್ಕೆ ಗುಜರಿ ಅಂಗಡಿಯಲ್ಲಿ ಬೆಲೆ ಇದೆ. ಆಯುವವರು ಬೆಳಗಾಗುವ ಮೊದಲೇ ಹೆಕ್ಕಿಕೊಂಡು ಹೋಗುತ್ತಾರೆ, ಮುಂದೆ ಅದು ಬಹುಪಾಲು ಪಾಲಿಯೆಸ್ಟರ್ ನೂಲಾಗುತ್ತದೆ. ಇಂಥ ಬಾಟಲಿಯನ್ನು ಕತ್ತರಿಸಿ, ಮೇಲೆ ಆಯಿಲ್ ಪೇಂಟ್ ಬಳಿದು, ಒಳಗೆ ಮಣ್ಣು ತುಂಬಿದ ಮರುಕ್ಷಣವೇ ಅದು ಗುಜರಿಯವರ ಪಾಲಿಗೆ ಬೇಡದ ವಸ್ತುವಾಗುತ್ತದೆ. ಒಂದೆರಡು ವರ್ಷ ಬಿಟ್ಟು ಕುಂಡ ಹಾಳಾದಾಗ ಅದಕ್ಕೆ ಉಳಿಯುವುದು ಕಸದ ಗುಡ್ಡದ ದಾರಿಯೊಂದೇ. ಹಾಗೆ ನೋಡಿದರೆ ನಾವು ಮರುಬಳಕೆಯಾಗಲಿದ್ದ ಪ್ಲಾಸ್ಟಿಕ್ ಅನ್ನು ಅಲಂಕಾರ ಮಾಡಿ ಕಸಕ್ಕೆ ಕಳಿಸಿದಂತಾಗುತ್ತದೆ, ಜೊತೆಗೆ ಆಯುವವರ ಸಂಪಾದನೆಯನ್ನೂ ಕಿತ್ತುಕೊಂಡಂತಾಗುತ್ತದೆ.

ಹಾಗೆಂದು ಪ್ರಸ್ತಾವವನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಕಚ್ಚಾವಸ್ತುವನ್ನು ಬದಲಿಸಿ ಎನ್ನುತ್ತೇನೆ. ಹೋಟೆಲಿನಿಂದ ಸಾಗು, ಕುರ್ಮಾ ಪಾರ್ಸೆಲ್ ಬರುವ ಡಬ್ಬಿಗಳು ಮತ್ತು ಐಸ್‌ಕ್ರೀಮ್ ಡಬ್ಬಿಗಳು ಹೆಚ್ಚಾಗಿ 5ನೇ ಸಂಖ್ಯೆಯ ಪಾಲಿಪ್ರೊಪಿಲೀನ್‌ನಿಂದ ಆದವು. ಅವುಗಳಿಗೂ ಮರುಬಳಕೆಯ ದಾರಿ ಇದೆಯಾದರೂ ಎಣ್ಣೆ ಜಿಡ್ಡು ಅಂಟಿರುವುದರಿಂದ ಗುಜರಿಯವರು ಮುಟ್ಟಲು ಹಿಂಜರಿಯುತ್ತಾರೆ. ಇವು ಗಟ್ಟಿಯಾಗಿವೆ, ಆಹಾರಕ್ಕೆಂದೇ ತಯಾರಾದವು, ಮೇಜಿನ ಮೇಲಿಡುವ ಸಣ್ಣ ಗಿಡಕ್ಕೆ ಹೇಳಿಮಾಡಿಸಿದ ಅಳತೆಯವು. ಬಿಸಿಲಿನ ನೇರಳಾತೀತ ಕಿರಣಗಳಿಗೆ ಈ ಪ್ಲಾಸ್ಟಿಕ್ ಬೇಗ ಪೆಡಸಾಗಿ ಪುಡಿಯಾಗುತ್ತದೆ, ಆ ಪುಡಿಯೇ ಮೈಕ್ರೊಪ್ಲಾಸ್ಟಿಕ್ ಆಗಿ ಮಣ್ಣು ಸೇರುತ್ತದೆ. ಆದ್ದರಿಂದ ತಾರಸಿ ತೋಟಕ್ಕೆ ಇವು ಸಲ್ಲ. ಮನೆಯೊಳಗೆ ನೇರ ಬಿಸಿಲು ತಾಗದ ಕಡೆ ಬಹುಕಾಲ ಬಾಳುತ್ತವೆ.

ಲಾಭದ ಲೆಕ್ಕವನ್ನೂ ನೇರವಾಗಿ ಹೇಳಿಬಿಡುತ್ತೇನೆ. ಹಳೆಯ ಡಬ್ಬಿಯ ಕುಂಡದಿಂದ ಪರಿಸರಕ್ಕೆ ಆಗುವ ಉಪಕಾರವೆಲ್ಲ, ಅದರಿಂದಾಗಿ ನೀವು ಅಂಗಡಿಯಲ್ಲಿ ಯಾವುದನ್ನು ಕೊಳ್ಳದೆ ಬಿಟ್ಟಿರಿ ಎಂಬುದರಲ್ಲಿದೆ. ಒಂದು ಕಿಲೋ ಹೊಸ ಪ್ಲಾಸ್ಟಿಕ್ ತಯಾರಿಸಲು ಸುಮಾರು ಎರಡು ಕಿಲೋಗೂ ಮಿಗಿಲಾದ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲಗಳು ಹೊರಬೀಳುತ್ತವೆ. ನೂರು ಗ್ರಾಮಿನ ಹೊಸ ಪಾಟ್ ಒಂದನ್ನು ಕೊಳ್ಳುವುದು ತಪ್ಪಿದರೆ ಕಾಲು ಕಿಲೋ ಆಸುಪಾಸಿನಷ್ಟು ಉಳಿತಾಯ. ಹೊಸ ಪಾಟನ್ನೂ ಕೊಂಡು, ಹಳೆಯ ಡಬ್ಬಿಗೂ ಬಣ್ಣದ ಡಬ್ಬ ತಂದು ಬಳಿದರೆ ಉಳಿತಾಯದ ಮಾತೇ ಇಲ್ಲ. ಮಹಿಳಾ ಸಮಾಜದವರು ಪ್ಲಾಸ್ಟಿಕ್ ಬಟ್ಟಲುಗಳ ಖರೀದಿಯನ್ನು ಪೂರ್ತಿ ನಿಲ್ಲಿಸುವುದಾದರೆ ಈ ಯೋಜನೆಯ ನಿಜವಾದ ಲಾಭ ಅಲ್ಲಿದೆ ಎಂದು ನನ್ನ ಅಭಿಪ್ರಾಯ.

ಗಾಳಿ ಶುದ್ಧವಾಗುತ್ತದೆ ಎಂಬ ಮಾತನ್ನು ಮಾತ್ರ ಕರಪತ್ರದಲ್ಲಿ ಹಾಕಬೇಡಿ. ಅದು 1989ರ ನಾಸಾ ಅಧ್ಯಯನದಿಂದ ಬಂದದ್ದು. ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ಪರಿಶೀಲನೆಯೊಂದು, ಕಟ್ಟಡದೊಳಗೆ ಸಹಜವಾಗಿ ಆಡುವ ಗಾಳಿ ಮಾಡುವಷ್ಟೇ ಕೆಲಸವನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ ಕನಿಷ್ಠ ಹತ್ತು ಗಿಡಗಳಾದರೂ ಬೇಕೆಂದು ಲೆಕ್ಕ ಹಾಕಿತು. ಕಿಟಕಿ ತೆರೆದಿಡುವುದೇ ಲೇಸು, ಅದಕ್ಕೆ ಮೊದಲು ಬೆಂಕಿ ಹಾಕುವುದು ನಿಲ್ಲಬೇಕು.

ಮಹಿಳಾ ಸಮಾಜದ ಪರವಾಗಿ, ಎರಡನೇ ಅಡ್ಡರಸ್ತೆ

ಮೇಷ್ಟ್ರೇ, ಬಟ್ಟಲು ಕೊಳ್ಳುವುದನ್ನು ನಿಲ್ಲಿಸಲು ನಾವು ಒಪ್ಪುತ್ತೇವೆ. ಬಣ್ಣದ ಬದಲು ಹಳೆಯ ಹತ್ತಿ ಸೀರೆಯ ತುಂಡನ್ನು ಸುತ್ತಿ ದಾರದಿಂದ ಕಟ್ಟಿದರೆ ನೋಡಲೂ ಲಕ್ಷಣವಾಗಿರುತ್ತದೆ, ಬಿಚ್ಚಿದರೆ ಡಬ್ಬಿ ಮೊದಲಿನಂತೆಯೇ ಸಿಗುತ್ತದೆ.

ನಾಲ್ಕನೇ ಅಡ್ಡರಸ್ತೆ, ಮೂಲೆಮನೆ

ಎಲ್ಲವೂ ಸರಿ, ಆದರೆ ನಿವೇಶನದ ಗುಡ್ಡೆಯನ್ನು ಹತ್ತಿರ ಹೋಗಿ ನೋಡಿದವರು ಎಷ್ಟು ಮಂದಿ? ನಿನ್ನೆ ನಾನು ಮತ್ತು ಪಕ್ಕದ ಮನೆಯವರು ಕೈಗವಸು ಹಾಕಿಕೊಂಡು ಒಂದು ಮಂಕರಿಯಷ್ಟನ್ನು ಹರಡಿ ನೋಡಿದೆವು. ಕುರುಕಲು ತಿಂಡಿಯ ಪೊಟ್ಟಣಗಳು, ಶಾಂಪೂ ಸ್ಯಾಶೆಗಳು, ಹಾಲಿನ ಕವರ್‌ಗಳು, ಅನ್ನ ಮೆತ್ತಿಕೊಂಡ ಕೈಚೀಲಗಳು, ಮಕ್ಕಳ ಡೈಪರ್‌ಗಳು, ಇಷ್ಟೇ. ಕುಂಡವಾಗಬಲ್ಲ ಡಬ್ಬಿ ಒಂದೆರಡು ಸಿಕ್ಕವು, ಅವೂ ಒಡೆದಿದ್ದವು. ಬಾಟಲಿಗಳನ್ನು ಆಗಲೇ ಆಯ್ದುಕೊಂಡು ಹೋಗಿದ್ದಾರೆ. ಕುಂಡ ಮಾಡುವುದರಿಂದ ಈ ಗುಡ್ಡೆ ಒಂದಿಷ್ಟೂ ತಗ್ಗುವುದಿಲ್ಲ. ಪೊಟ್ಟಣಗಳನ್ನು ಹಲವು ಪದರಗಳನ್ನು ಅಂಟಿಸಿ ಮಾಡಿರುವುದರಿಂದ ಬಿಡಿಸಲಾಗದು. ಒಣ ಕಸದಲ್ಲಿ ಬೇರೆಯಾಗಿ ಕೊಟ್ಟರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗಿಯಾದರೂ ಹೋಗುತ್ತವೆ. ಹಾಲಿನ ಕವರ್ ತೊಳೆದು ಒಣಗಿಸಿ ಕೊಟ್ಟರೆ ಗುಜರಿಯವರೇ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಆಟೊ ಟಿಪ್ಪರ್ ಬರುವ ಹೊತ್ತಿಗೆ ಕೆಲಸಕ್ಕೆ ಹೊರಟುಹೋಗುವ ಮನೆಗಳಿಂದಲೇ ಹೆಚ್ಚು ಕಸ ಅಲ್ಲಿಗೆ ಬೀಳುತ್ತಿದೆ ಎಂಬುದು ನನ್ನ ಅಂದಾಜು. ಅವರನ್ನು ಬೈಯುವುದಕ್ಕಿಂತ ಅವರಿಗೊಂದು ವ್ಯವಸ್ಥೆ ಮಾಡಿಕೊಡುವುದು ಒಳ್ಳೆಯದು.

ಮೊದಲನೇ ಅಡ್ಡರಸ್ತೆ, ಮಹಡಿ ಮನೆಯ ಬಾಡಿಗೆದಾರರು

ಓವನ್ ಪ್ರಸ್ತಾವವನ್ನು ಹಿಂದಕ್ಕೆ ಪಡೆಯುತ್ತೇನೆ. ಕಸ ಕೊಡುವ ವಿಷಯದಲ್ಲಿ ನಮ್ಮ ಮನೆಯೂ ಅದೇ ಸಾಲಿಗೆ ಸೇರುತ್ತದೆ. ಏಳು ಗಂಟೆಗೆ ಮನೆ ಬಿಡುವ ನಾವು ಮೂವರು ಕಸವನ್ನು ಯಾರ ಕೈಗೆ ಕೊಡಬೇಕು? ಯಾರಾದರೂ ತಮ್ಮ ಗೇಟಿನ ಒಳಗೆ ಒಣ ಕಸದ ಚೀಲ ಇಡಲು ಜಾಗ ಕೊಟ್ಟರೆ ವಿಂಗಡಿಸಿಯೇ ಇಡುತ್ತೇವೆ.

ಆರೋಗ್ಯ ಇಲಾಖೆಯ ನಿವೃತ್ತ ಮೇಲ್ವಿಚಾರಕರು, ಎರಡನೇ ಅಡ್ಡರಸ್ತೆ

ಕುಂಡಗಳ ವಿಷಯದಲ್ಲಿ ನನ್ನದೊಂದು ಷರತ್ತು. ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ತಲೆಕೆಳಗು ಮಾಡಿ, ಕೆಳಭಾಗದಲ್ಲಿ ನೀರು ನಿಲ್ಲಿಸಿ ಬತ್ತಿಯಿಂದ ನೀರು ಹೀರಿಸುವ ಮಾದರಿಯನ್ನು ಯಾರೂ ಹಂಚಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥ ತಿಳಿನೀರೇ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು, ನೀರು ಬತ್ತಿದರೂ ಮೊಟ್ಟೆಗಳು ತಿಂಗಳುಗಟ್ಟಲೆ ಉಳಿಯುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಅವಕಾಶ ಕೊಡುವ ನಗರದ ಮನೆಗಳಿಗೆ 400 ರೂಪಾಯಿ ದಂಡ ನಿಗದಿ ಮಾಡಿತು. ತಾಂಬೂಲದ ಜೊತೆ ದಂಡವನ್ನೂ ಕೊಟ್ಟೆವೆಂಬ ಮಾತು ಬರಬಾರದು. ಕುಂಡದ ಕೆಳಗಿನ ತಟ್ಟೆಗೆ ದಪ್ಪ ಮರಳು ತುಂಬಿರಬೇಕು, ವಾರಕ್ಕೊಮ್ಮೆ ಅದನ್ನು ಉಜ್ಜಿ ತೊಳೆಯಬೇಕು.

ತಾರಸಿ ತೋಟ ಮಾಡುವವರು, ಮೂರನೇ ಅಡ್ಡರಸ್ತೆ

ಮಾಡುವ ಕ್ರಮವನ್ನು ನಾನು ತೋರಿಸಿಕೊಡುತ್ತೇನೆ. ಡಬ್ಬಿಯನ್ನು ಬಿಸಿನೀರು, ಸೀಗೆಪುಡಿ ಹಾಕಿ ಜಿಡ್ಡು ಹೋಗುವಂತೆ ಉಜ್ಜಬೇಕು, ಇಲ್ಲದಿದ್ದರೆ ಇರುವೆ ಮುತ್ತುತ್ತವೆ. ಕಾಯಿಸಿದ ಮೊಳೆಯಿಂದ ತೂತು ಮಾಡುವ ಅಭ್ಯಾಸ ಎಲ್ಲರಿಗೂ ಇದೆ. ಹೊಗೆ ಬರುತ್ತದೆ, ಮಕ್ಕಳು ಸುತ್ತ ನಿಂತಿರುತ್ತಾರೆ, ಆದ್ದರಿಂದ ಡ್ರಿಲ್ ಬಳಸೋಣ. ತಳದಲ್ಲಿ ನಾಲ್ಕೈದು ತೂತು, ಅದರ ಮೇಲೆ ಒಂದು ಹಿಡಿ ಇಟ್ಟಿಗೆ ಚೂರು, ಆಮೇಲೆ ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಬೆರೆಸಿದ ಹಗುರ ಮಣ್ಣು. ಪಾರದರ್ಶಕ ಡಬ್ಬಿಯಾದರೆ ಬೇರಿಗೆ ಬೆಳಕು ತಾಗಿ ಒಳಗೋಡೆಗೆ ಪಾಚಿ ಕಟ್ಟುತ್ತದೆ. ಮಹಿಳಾ ಸಮಾಜದವರು ಹೇಳಿದ ಸೀರೆಯ ತುಂಡು ಅದಕ್ಕೂ ಪರಿಹಾರ. ಮನಿ ಪ್ಲಾಂಟ್, ಸ್ಪೈಡರ್ ಪ್ಲಾಂಟ್‌ಗಳ ತುಂಡು ನಮ್ಮ ಮನೆಯಲ್ಲೇ ಬೇಕಾದಷ್ಟಿವೆ, ಸಸಿಗಾಗಿ ಸಂಘದ ಹಣ ಖರ್ಚು ಮಾಡುವುದು ಬೇಡ. ಬಣ್ಣದ ಡಬ್ಬ, ಎಂಜಿನ್ ಆಯಿಲ್ ಕ್ಯಾನ್, ಕ್ರಿಮಿನಾಶಕದ ಡಬ್ಬಿಗಳನ್ನು ಮಾತ್ರ ಯಾರೂ ತರಬೇಡಿ.

ಐದನೇ ಅಡ್ಡರಸ್ತೆಯ ನಿವಾಸಿ

ಇಷ್ಟೆಲ್ಲ ತಾಪತ್ರಯ ಏಕೆ? ಕುಂಬಾರರಿಂದ ಮಣ್ಣಿನ ಕುಂಡ ಕೊಂಡರೆ ಆಗದೇ?

ತಾರಸಿ ತೋಟ ಮಾಡುವವರು, ಮೂರನೇ ಅಡ್ಡರಸ್ತೆ

ಖಂಡಿತ ಆಗುತ್ತದೆ, ತುಳಸಿಗೂ ತಾರಸಿಗೂ ನಾನು ಬಳಸುವುದು ಅದನ್ನೇ. ಮನೆಯೊಳಗೆ ಕಪಾಟಿನ ಮೇಲೆ ಇಡಲು ಅದು ಭಾರ, ಗೋಡೆ ತೇವವಾಗುತ್ತದೆ, ಸುಡಲು ಸೌದೆಯೂ ಬೇಕು. ಹೊಸದಾಗಿ ಕೊಳ್ಳಲೇಬೇಕಾದವರು ಮಣ್ಣಿನದನ್ನೇ ಕೊಳ್ಳಲಿ.

ಕಾರ್ಯದರ್ಶಿ, ನಿವಾಸಿಗಳ ಸಂಘ

ಚರ್ಚೆಯ ಆಧಾರದ ಮೇಲೆ ಭಾನುವಾರದ ಸಭೆಯ ಮುಂದೆ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಇಡುತ್ತೇನೆ. ಮೊದಲನೆಯದು ನಿವೇಶನ. ಸಂಘದ ಕಚೇರಿಯ ಗೇಟಿನ ಒಳಗೆ ಒಣ ಕಸಕ್ಕೆ ಮೂರು ಚೀಲ ಇಡಲಾಗುವುದು, ಬೆಳಿಗ್ಗೆ ಬೇಗ ಹೊರಡುವವರು ಹಿಂದಿನ ರಾತ್ರಿಯೇ ವಿಂಗಡಿಸಿ ತಂದು ಹಾಕಬಹುದು. ನಿವೇಶನದ ಮಾಲೀಕರು ಪರಊರಿನಲ್ಲಿರುವುದರಿಂದ ಬೇಲಿ ಹಾಕಲು ಅನುಮತಿ ಕೋರಿ ಪತ್ರ ಬರೆದಿದ್ದೇನೆ. ಒಣ ಕಸದ ವಿಂಗಡಣೆ ಹೇಗೆ ನಡೆಯುತ್ತದೆಂದು ತಿಳಿಯಲು ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕಕ್ಕೆ ಆಸಕ್ತರು ಒಮ್ಮೆ ಹೋಗಿಬರೋಣ. ಎರಡನೆಯದು ಕುಂಡ. ಇದಕ್ಕೆ ನಿವೇಶನದ ಕಸ ಬೇಡ. ಪ್ರತಿ ಮನೆಯವರು ತಮ್ಮಲ್ಲಿರುವ 5ನೇ ಸಂಖ್ಯೆಯ ಡಬ್ಬಿಗಳನ್ನು ಮಾತ್ರ ತೊಳೆದು ತರಬೇಕು, 1ನೇ ಸಂಖ್ಯೆಯ ಬಾಟಲಿಗಳು ಗುಜರಿಗೇ ಹೋಗಲಿ. ಬಣ್ಣಕ್ಕೆಂದು ಕೇಳಿದ್ದ ಹಣವನ್ನು ಚೀಲ ಮತ್ತು ಬೇಲಿಯ ತಂತಿಗೆ ಬಳಸಲು ಮಹಿಳಾ ಸಮಾಜದವರ ಒಪ್ಪಿಗೆ ಬೇಕಾಗಿದೆ.

ಮಹಿಳಾ ಸಮಾಜದ ಪರವಾಗಿ, ಎರಡನೇ ಅಡ್ಡರಸ್ತೆ

ಒಪ್ಪಿಗೆ ಇದೆ. ಡಬ್ಬಿಗಳನ್ನು ಮುಚ್ಚಳದ ಸಮೇತ ತರಬೇಕೋ, ಬೇಡವೋ?

ತಾರಸಿ ತೋಟ ಮಾಡುವವರು, ಮೂರನೇ ಅಡ್ಡರಸ್ತೆ

ಮುಚ್ಚಳ ಬೇಕೇ ಬೇಕು, ಅದನ್ನೇ ಮಗುಚಿ ಕೆಳಗೆ ಇಟ್ಟರೆ ಮರಳಿನ ತಟ್ಟೆಯಾಗುತ್ತದೆ. ಡ್ರಿಲ್ ಇರುವವರು ಸಣ್ಣ ಬಿಟ್ ಜೊತೆಗೆ ತನ್ನಿ. ನನ್ನ ಬಳಿ ಇರುವುದು ಗೋಡೆಗೆ ಬಳಸುವ ದಪ್ಪ ಬಿಟ್ ಮಾತ್ರ.