ಎರಡು ರಾತ್ರಿ ರೆಸಾರ್ಟ್, ಒಂದೆರಡು ಬಾಟಲಿ ವೈನ್: ದಾವಣಗೆರೆಯಿಂದ ಹೊರಡೋರಿಗೆ ತಿಳಿದವರು ಹೇಳಿ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ಮಾರ್ಚ್ ಮೊದಲ ವಾರ ಎರಡು ಜೋಡಿ, ಎರಡು ರಾತ್ರಿ ರೆಸಾರ್ಟಿಗೆ ಹೋಗೋಣ ಅಂತಿದ್ದೇವೆ. ಸ್ವಂತ ಕಾರು, ಎರಡು ರೂಮು. ಹಂಪಿ ಕಡೆ, ಇಲ್ಲಾಂದ್ರೆ ನಂದಿ ಬೆಟ್ಟದ ಕಡೆ. ಒಬ್ಬರು ಪಕ್ಕಾ ಸಸ್ಯಾಹಾರಿ. ವೈನ್ ಅಂದರೆ ಸಿಹಿ ಪೋರ್ಟ್ ಬಿಟ್ಟು ಬೇರೆ ಗೊತ್ತಿಲ್ಲ, ಈ ಸಲ ಸರಿಯಾಗಿ ಕುಡಿದು ನೋಡಬೇಕು. ರೂಮಿಗೆ ದಿನಕ್ಕೆ ಏಳೆಂಟು ಸಾವಿರ ಇಟ್ಟುಕೊಂಡಿದ್ದೇವೆ. ದುಡ್ಡು ಎಲ್ಲಿ ಸುಮ್ಮನೆ ಹೋಗುತ್ತೆ, ಎಲ್ಲಿ ಹಾಕಿದರೆ ಸಾರ್ಥಕ, ಹೇಳ್ರಿ.

ಎಂ.ಸಿ.ಸಿ. ಬಿ ಬ್ಲಾಕ್‌ನಿಂದ:
ಏಳೆಂಟು ಸಾವಿರ ಅಂದ್ರಲ್ಲ, ಆ ಏಳಕ್ಕೂ ಎಂಟಕ್ಕೂ ನಡುವೆನೇ ಗುಂಡಿ ಇರೋದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. 7,400ರ ರೂಮು ತೆರಿಗೆ ಸೇರಿ 7,770 ಆಗುತ್ತೆ. 7,600ರದ್ದು 8,968. ಎರಡು ರೂಮು, ಎರಡು ರಾತ್ರಿಗೆ ಲೆಕ್ಕ ಹಾಕಿ: 31,080 ಎಲ್ಲಿ, 35,872 ಎಲ್ಲಿ. ಬೋರ್ಡಿನ ದರದಲ್ಲಿ ಇನ್ನೂರು ರೂಪಾಯಿ ಫರಕು, ಕೈಯಿಂದ ಹೋಗೋದು 4,792. ಅದರಲ್ಲಿ ಮೂರು ಒಳ್ಳೆ ಬಾಟಲಿ ಬರುತ್ತೆ. ಫೋನ್ ಮಾಡಿದಾಗ "ತೆರಿಗೆ ಬಿಟ್ಟು ರೂಮಿನ ದರ ಎಷ್ಟು" ಅಂತಲೇ ಕೇಳಿ. ಅಲ್ಲೇ ಸ್ವಲ್ಪ ಜಗ್ಗಾಡಿದರೆ 7,500ರ ಕೆಳಗೆ ಇಳಿಸಿಕೊಡೋರು ಇದ್ದಾರೆ.

ಊಟದ ಪ್ಲಾನ್ ಕೂಡ ಕೇಳಿಕೊಳ್ಳಿ. ಇಪಿ ಅಂದರೆ ಬರೀ ರೂಮು. ಸಿಪಿ ಅಂದರೆ ಬೆಳಗಿನ ತಿಂಡಿ ಸೇರಿ. ಎಂಎಪಿ ಅಂದರೆ ತಿಂಡಿ ಜೊತೆ ಒಂದು ಊಟ, ಎಪಿ ಅಂದರೆ ಮೂರೂ. ಹಂಪಿ ಸುತ್ತೋರಿಗೆ ಎಪಿ ದಂಡ. ಮಧ್ಯಾಹ್ನ ನೀವು ರೆಸಾರ್ಟಲ್ಲಿ ಇರೋದೇ ಇಲ್ಲ. ಎಂಎಪಿ ತಗೊಂಡು ಆ ಒಂದು ಊಟ ರಾತ್ರಿಯದ್ದು ಅಂತ ಬರೆಸಿಕೊಳ್ಳಿ.

ಬಹಳ ಜನ ಮರೆಯೋ ಇನ್ನೊಂದು ಪ್ರಶ್ನೆ ಲೈಸೆನ್ಸಿನದು. ರೂಮುಗಳಿರುವ ಹೋಟೆಲು ಮದ್ಯ ಕೊಡೋಕೆ ಸಾಮಾನ್ಯವಾಗಿ ಸಿಎಲ್-7 ಅನ್ನೋ ಅಬಕಾರಿ ಲೈಸೆನ್ಸು ಬೇಕು, ಸ್ಟಾರ್ ಹೋಟೆಲಾದರೆ ಸಿಎಲ್-6ಎ. ಲೈಸೆನ್ಸಿಲ್ಲದ ರೆಸಾರ್ಟು ವೈನ್ ಕೊಡೋ ಹಾಗಿಲ್ಲ. ಇದ್ದರೆ, ಹೊರಗಿನ ಬಾಟಲಿ ಬಿಡ್ತಾರಾ, ಬಿಟ್ಟರೆ ಬಾಟಲಿಗೆ ಕಾರ್ಕೇಜ್ (ಹೊರಗಿನ ಬಾಟಲಿ ತೆರೆಯೋಕೆ ಅವರು ತಗೊಳ್ಳೋ ಶುಲ್ಕ) ಎಷ್ಟು ಅಂತ ವಾಟ್ಸಾಪಲ್ಲಿ ಬರೆಸಿಕೊಳ್ಳಿ. ಬಾಯಿಮಾತು ರಿಸೆಪ್ಷನ್ ತನಕ ಬರೋಲ್ಲ.

ಚಿತ್ರದುರ್ಗದಿಂದ:
ದಾರಿ ಮತ್ತೆ ಬಿಸಿಲು, ಇವೆರಡೇ ನನ್ನ ಮಾತು. ನಂದಿ ಕಡೆ ಹೋದರೆ ಬೆಂಗಳೂರು ಹೊಗೋದೇ ಬೇಡ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿದರೆ ನೇರ ದೊಡ್ಡಬಳ್ಳಾಪುರ. ವೈನ್ ತಯಾರಿಸೋ ಗ್ರೋವರ್ ಜಂಪಾದವರ ದ್ರಾಕ್ಷಿ ತೋಟ ಇರೋದು ಅಲ್ಲೇ. ಮಾರ್ಚ್ ಅಂದರೆ ದ್ರಾಕ್ಷಿ ಕೊಯ್ಲಿನ ಕಾಲ, ಹೋದರೆ ಈಗಲೇ ಹೋಗಬೇಕು. ಆದರೆ ಮುಂಗಡ ಬುಕಿಂಗ್ ಇಲ್ಲದೆ ಗೇಟಿಗೆ ಹೋಗಿ ನಿಲ್ಲಬೇಡಿ. ರುಚಿ ನೋಡೋ ದಿನ ಕಾರು ಓಡಿಸೋರು ವೈನನ್ನ ನುಂಗದೆ ಉಗುಳಲೇಬೇಕು. ಉಗುಳೋಕೆ ಪಾತ್ರೆ ಇಟ್ಟಿರ್ತಾರೆ, ನಾಚಿಕೆ ಏನಿಲ್ಲ. 100 ಮಿ.ಲೀ. ರಕ್ತಕ್ಕೆ ಆಲ್ಕೋಹಾಲ್ 30 ಮಿ.ಗ್ರಾಂ. ದಾಟಿದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಹಂಪಿ ಕಡೆ ಅಂದರೆ ದುರ್ಗದಿಂದ ಹೆದ್ದಾರಿ 50, ಕೂಡ್ಲಿಗಿ ಮೇಲೆ ಹೊಸಪೇಟೆ. ದಾರೀಲೇ ಏಳು ಸುತ್ತಿನ ಕೋಟೆ ನೋಡ್ಕೊಂಡು ಹೋಗೋಣ ಅಂತ ಎಲ್ಲರಿಗೂ ಆಸೆ. ನೋಡಿ, ಆದರೆ ಬಾಟಲಿ ಡಿಕ್ಕಿಯಲ್ಲಿಟ್ಟು ಮೂರು ತಾಸು ಕೋಟೆ ಹತ್ತಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಐವತ್ತು ಡಿಗ್ರಿ ಸಲೀಸು. ಒಳಗಿನ ವೈನ್ ಹಿಗ್ಗಿ ಕಾರ್ಕನ್ನ ಮೇಲೆ ತಳ್ಳುತ್ತೆ, ಕುತ್ತಿಗೆ ಸುತ್ತ ಅಂಟಂಟು ಗೆರೆ ಮೂಡುತ್ತೆ. ತೆರೆದರೆ ಹಣ್ಣಿನ ವಾಸನೆ ಹೋಗಿ ಬೇಯಿಸಿದ ಜಾಮಿನ ವಾಸನೆ. ಮೀನು ಸಾಗಿಸೋ ಥರ್ಮೋಕೋಲ್ ಡಬ್ಬಿ ತಗೊಂಡು ತಣ್ಣೀರು ಬಾಟಲಿ ನಾಲ್ಕು ಜೊತೆಗಿಡಿ, ಸಾಕು.

ಮತ್ತೆ ನಮ್ಮೂರ ವೈನ್ ಶಾಪಲ್ಲಿ ಸಿಗದೇ ಇರೋದು ಅಂದ್ರೆ ವೈನೇ. ಇದ್ದರೂ ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟ್ ಕೆಳಗೆ, ವರ್ಷಗಟ್ಟಲೆ ನಿಂತ ಬಾಟಲಿ. ಲೇಬಲ್ ಮೇಲಿನ ವರ್ಷ ನೋಡಿ. ಬಿಳಿ ವೈನ್ ಎರಡು ವರ್ಷಕ್ಕಿಂತ ಹಳೇದಿದ್ದರೆ ಬಿಡಿ. "ಹಳೇದಾದಷ್ಟೂ ಒಳ್ಳೇದು ಸಾರ್" ಅನ್ನೋ ಮಾತು ಆ ಹಲಗೆಗೆ ಅನ್ವಯ ಆಗೋಲ್ಲ.

ನಿಟುವಳ್ಳಿಯಿಂದ:
ಪೋರ್ಟ್ ಮಾತ್ರ ಕುಡಿದ ನಾಲಿಗೆಗೆ ನೇರ ಕೆಂಪು ಕ್ಯಾಬರ್ನೆ ಕೊಟ್ಟರೆ ಒಗರು ಅಂತ ಮುಖ ಕಿವುಚೋದು ಖಂಡಿತ. ಬಿಳಿ ಶೆನಿನ್ ಬ್ಲಾಂಕ್‌ನಿಂದ ಶುರು ಮಾಡಿ. ಸುಲಾ ಕಂಪನಿಯವರದ್ದರಲ್ಲಿ ಸಣ್ಣ ಸಿಹಿ ಉಳಿದಿರುತ್ತೆ. ಎರಡನೇ ರಾತ್ರಿಗೆ ಗುಲಾಬಿ ಬಣ್ಣದ ರೋಸೆ, ಆಮೇಲೆ ಕೆಂಪು ಶಿರಾಜ್.

ನಮ್ಮ ಊಟಕ್ಕೆ ಹೊಂದಿಸೋದು ಕಷ್ಟ ಅನ್ನೋದು ಸುಳ್ಳು, ಮೂರು ವಿಷಯ ನೆನಪಿದ್ದರೆ ಆಯ್ತು. ಮೊದಲನೇದು ಖಾರ. ಆಲ್ಕೋಹಾಲ್ ಮೆಣಸಿನ ಉರಿಯನ್ನ ಎಬ್ಬಿಸುತ್ತೆ, ಒಗರು ಅದಕ್ಕೆ ಕಹಿ ಸೇರಿಸುತ್ತೆ. ಹಾಗಾಗಿ ಮಿರ್ಚಿಗೆ, ಖಾರದ ನಾಟಿ ಕೋಳಿ ಸಾರಿಗೆ ಶೇ 14 ಆಲ್ಕೋಹಾಲಿನ ಕೆಂಪು ಬೇಡ. ತಣ್ಣಗಿನ, ತುಸು ಸಿಹಿಯ ಬಿಳಿ ಇರಲಿ. ಎರಡನೇದು ಹುಳಿ. ಹುಣಸೆ, ನಿಂಬೆ ಜಾಸ್ತಿ ಇದ್ದ ತಟ್ಟೆಗೆ ಅಷ್ಟೇ ಹುಳಿಯ ಸೊವಿನ್ಯೋ ಬ್ಲಾಂಕ್ ಬೇಕು, ಇಲ್ಲಾಂದ್ರೆ ವೈನ್ ಸಪ್ಪೆ ಅನ್ಸುತ್ತೆ. ಮೂರನೇದು ಜಿಡ್ಡು. ಒಗರನ್ನ ಪಳಗಿಸೋದು ಕೊಬ್ಬು. ರೊಟ್ಟಿ ಎಣ್ಣೆಗಾಯಿಯಲ್ಲಿ ಶೇಂಗಾ, ಎಳ್ಳು, ಗುರೆಳ್ಳಿನ ಎಣ್ಣೆ ಇರುತ್ತಲ್ಲ, ಅದಕ್ಕೇ ಮೆದು ಶಿರಾಜ್ ಕೂರುತ್ತೆ. ನಿಮ್ಮ ಸಸ್ಯಾಹಾರಿಗೂ ಇದೇ ಸರಿ. ಹೋಳಿಗೆ ಜೊತೆ ಮಾತ್ರ ಯಾವ ಡ್ರೈ (ಸಿಹಿ ಇಲ್ಲದ) ವೈನೂ ಬೇಡ, ಬರೀ ಹುಳಿ ನೀರು ಕುಡಿದಂಗಾಗುತ್ತೆ.

ಬಾಟಲಿ ಲೆಕ್ಕ: 750 ಮಿ.ಲೀ.ಗೆ 150ರಂತೆ ಐದು ಗ್ಲಾಸು. ನಾಲ್ವರಿಗೆ ರಾತ್ರಿಗೊಂದು ಸಾಕು, ಮೇಲೊಂದು ಕೈಯಲ್ಲಿರಲಿ. ಬೆಣ್ಣೆ ದೋಸೆ ಜೊತೆ ಬಬ್ಲಿ, ಅಂದರೆ ಗುಳ್ಳೆ ಏಳೋ, ಸಿಹಿ ಇಲ್ಲದ ಸ್ಪಾರ್ಕ್ಲಿಂಗ್ ಬ್ರೂಟ್ ವೈನ್, ತುಂಬಾ ಚೆನ್ನಾಗಿ ಹೋಗುತ್ತೆ. ಆ ಗುಳ್ಳೆ, ಆ ಹುಳಿ ಬೆಣ್ಣೆಯನ್ನ ನಾಲಿಗೆಯಿಂದ ತೊಳೆದು ಹಾಕುತ್ತೆ.

ಎಂ.ಸಿ.ಸಿ. ಬಿ ಬ್ಲಾಕ್‌ನಿಂದ:
ಬೆಣ್ಣೆ ದೋಸೆಗೆ ವೈನಾ? ಬಿಡ್ರಿ ಅಣ್ಣಾ. ಕಾವಲಿಯಿಂದ ಇಳಿದ ಐದು ನಿಮಿಷಕ್ಕೆ ಅದರ ಗರಿ ಹೋಗುತ್ತೆ, ಅಷ್ಟರಲ್ಲಿ ನೀವು ಬಾಟಲಿಯ ಕಾರ್ಕಿಗೆ ಸುತ್ತಿದ ತಂತಿ ಬಿಚ್ಚುತ್ತಾ ಕೂತಿರ್ತೀರಿ. ಅದಕ್ಕೆ ಕಾಫಿನೇ ಸರಿ.

ನಿಟುವಳ್ಳಿಯಿಂದ:
ತಂತಿಗೆ ಆರು ಅರ್ಧಸುತ್ತು, ಹತ್ತು ಸೆಕೆಂಡಿನ ಕೆಲಸ. ಆದರೆ ಅಪಾಯ ಅದೇ ಜಾಗದಲ್ಲಿದೆ. ಒಳಗೆ ಕಾರಿನ ಟೈರಿಗಿಂತ ಎರಡು ಪಟ್ಟಿಗೂ ಹೆಚ್ಚು ಒತ್ತಡ ಇರುತ್ತೆ. ತಂತಿ ಸಡಿಲಿಸೋ ಮೊದಲೇ ಹೆಬ್ಬೆರಳು ಕಾರ್ಕ್ ಮೇಲೆ ಬರಬೇಕು, ಬಾಟಲಿ ಓರೆಯಾಗಿರಬೇಕು, ಅದರ ಬಾಯಿ ಯಾರ ಕಡೆಗೂ ಇರಬಾರದು. ಕಾರ್ಕ್ ಹಿಡಿದು ಬಾಟಲಿ ತಿರುಗಿಸಿ. ಡಬ್ ಅನ್ನಬಾರದು, ಉಸ್ ಅನ್ನಬೇಕು. ಬೆಚ್ಚಗಿನ ಬಾಟಲಿ, ಅಲುಗಾಡಿದ ಬಾಟಲಿ ಎರಡೂ ಉಕ್ಕುತ್ತವೆ.

ಹೊಳಲ್ಕೆರೆ ರಸ್ತೆ, ಚಿತ್ರದುರ್ಗದಿಂದ:
ರೆಸ್ಟೋರೆಂಟಲ್ಲಿ ವೇಟರ್ ಬಾಟಲಿ ತಂದು ತೋರಿಸಿದರೆ ತಲೆಯಾಡಿಸೋದು ಶಾಸ್ತ್ರಕ್ಕಲ್ಲ. ಹೆಸರು, ದ್ರಾಕ್ಷಿ ತಳಿ, ವರ್ಷ ಮೆನುವಿನಲ್ಲಿದ್ದದ್ದೇ ಬಂತಾ ನೋಡಬೇಕು. ಆಮೇಲೆ ಒಂದು ಗುಟುಕು ಹಾಕ್ತಾರೆ. ಗ್ಲಾಸಿನ ಕಡ್ಡಿ ಹಿಡಿದು ಒಂದು ಸುತ್ತು ತಿರುಗಿಸಿ ಮೂಸಿ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ವಿನಿಗರ್ ಘಾಟು ಬಂದರೆ ಗಾಳಿ ಹೊಕ್ಕಿದೆ. ಎರಡಕ್ಕೂ ಬಾಟಲಿ ವಾಪಸ್ ಕೊಡಬಹುದು. "ನನಗೆ ಹಿಡಿಸಲಿಲ್ಲ" ಅಂತ ಕೊಡೋ ಹಾಗಿಲ್ಲ. ಗ್ಲಾಸ್ ಲೆಕ್ಕದಲ್ಲಿ ತಗೊಂಡರೆ "ಬಾಟಲಿ ಯಾವತ್ತು ತೆರೆದದ್ದು" ಅಂತ ಕೇಳಿ. ಮೂರು ದಿನದ ಮೇಲಾಗಿದ್ದರೆ ಬಿಯರ್ ಹೇಳಿಬಿಡೋದು ವಾಸಿ.

ಕೆಂಪು ವೈನನ್ನ "ರೂಮ್ ಟೆಂಪರೇಚರ್" ಅಂತ ಹಾಗೇ ತಂದಿಡ್ತಾರೆ. ಆ ಮಾತು ಹುಟ್ಟಿದ್ದು ಯುರೋಪಿನ ಚಳಿ ಮನೆಗಳಲ್ಲಿ, 16ರಿಂದ 18 ಡಿಗ್ರಿಯ ಲೆಕ್ಕದಲ್ಲಿ. ನಮ್ಮ ಮಾರ್ಚಿನ ರೂಮು ಮೂವತ್ತರ ಮೇಲಿರುತ್ತೆ. ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು ಹಾಕಿಸಿ ಬಾಟಲಿಯನ್ನ ಕುತ್ತಿಗೆವರೆಗೆ ಮುಳುಗಿಸಿ. ಕೆಂಪಿಗೆ ಹತ್ತು ನಿಮಿಷ, ಬಿಳಿಗೆ ಇಪ್ಪತ್ತೈದು. ಬರೀ ಐಸು ತುಂಬಿದರೆ ನಡುವೆ ಗಾಳಿ ಉಳಿದು ಎರಡರಷ್ಟು ಹೊತ್ತು ಹಿಡಿಯುತ್ತೆ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಸಿ. ಅದನ್ನ ತಾನಾಗಿ ಸೇರಿಸಬಾರದು ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ವೈನ್ ಮೇಲೆ ಜಿಎಸ್‌ಟಿ ಇಲ್ಲ, ಊಟಕ್ಕೆ ಮಾತ್ರ.

ಪ್ರಶ್ನೆ ಕೇಳಿದವರು:
7,500ರ ಲೆಕ್ಕ ಗೊತ್ತೇ ಇರಲಿಲ್ಲ, ಭಾಳ ಉಪಕಾರ. ಹಂಪಿನೇ ಅಂತ ಆಯ್ತು. ಕಾರ್ಕ್ ತೆಗೆಯೋ ಸ್ಕ್ರೂ ಇಲ್ಲಿ ಸಿಗುತ್ತಾ?

ಹೊಳಲ್ಕೆರೆ ರಸ್ತೆ, ಚಿತ್ರದುರ್ಗದಿಂದ:
ಹುಡುಕಬೇಡಿ, ತಿರುಗಿಸೋ ಮುಚ್ಚಳದ ಬಾಟಲಿ ತಗೊಳ್ಳಿ. ನಮ್ಮ ದೇಶದ ವೈನುಗಳಲ್ಲಿ ಅದು ಬೇಕಾದಷ್ಟಿವೆ, ಗುಣದಲ್ಲಿ ಏನೂ ಕಮ್ಮಿ ಇಲ್ಲ. ಕಾರ್ಕಿನದೇ ಬಂದು ಅರ್ಧಕ್ಕೆ ಮುರಿದರೆ ಉಳಿದದ್ದನ್ನ ಚಮಚದ ಹಿಡಿಯಿಂದ ಒಳಗೆ ತಳ್ಳಿ, ಟೀ ಸೋಸೋ ಜರಡಿಯಲ್ಲಿ ಜಗ್ಗಿಗೆ ಬಗ್ಗಿಸಿಕೊಳ್ಳಿ. ಜರಡಿ ಹೊಸದಾಗಿರಲಿ, ಟೀ ವಾಸನೆ ಬಿಡೋದಿಲ್ಲ.